ಎಡಗಡೆಯ ಕ್ರೇಟು

ಮಾರ್ಚ್ ೧೪, ಶನಿವಾರ

ಬಿಯರು ಕೆಟ್ಟಿಲ್ಲ. ಅದೇ ಸಂಕಟ. ಕೆಟ್ಟಿದ್ದರೆ ಚರಂಡಿಗೆ ಸುರಿದು ಸುಮ್ಮನಾಗಬಹುದಿತ್ತು.

ಅಣ್ಣ ಡೆಸ್ ತೀರಿಕೊಂಡ ಮೇಲೆ ಗ್ಲೆನಿಸ್ ಅತ್ತಿಗೆ ಟಿಮರು ಊರಿನ ಅವರ ಮನೆಯಿಂದ ಅವನ ಡಬ್ಬಿ ತಂದುಕೊಟ್ಟಿದ್ದರು, ಮನೆಯಲ್ಲೇ ಬಿಯರು ಮಾಡುವ ಮಾಲ್ಟ್ ಪಾಕದ್ದು. ಡಬ್ಬಿಯ ಅವಧಿ ಮುಗಿದು ಆರು ವರ್ಷ. ಅಪ್ಪನ ದೋಣಿ ಯಾರಿಗೆಂದು ಜಗಳವಾಡಿ ನಾವಿಬ್ಬರೂ ಮಾತು ಬಿಟ್ಟು ಎಂಟು. ದೋಣಿ ಗೆದ್ದವನು ನಾನು. ಒಂದು ದಿನವೂ ನೀರಿಗಿಳಿಸಲಿಲ್ಲ.

"ಎಸೀರಿ ಅಂತ ಹೇಳಿ ಹೇಳಿ ಸಾಕಾಯ್ತು," ಅಂದರು ಅತ್ತಿಗೆ. "'ಕ್ಲೈವ್ ಬರ್ಲಿ, ಇಬ್ರೂ ಸೇರಿ ಮಾಡ್ತೀವಿ' ಅಂತಿದ್ರು ನಿಮ್ಮಣ್ಣ. ಮೊಂಡ್ರು ಕಣಪ್ಪ, ಇಬ್ರೂ ಮೊಂಡ್ರು."

ಪಾಕ ಕಪ್ಪಾಗಿ, ತಳಹಿಡಿದ ಬೆಲ್ಲದ ವಾಸನೆ ಬರುತ್ತಿತ್ತು. ಜೊತೆಗಿದ್ದ ಯೀಸ್ಟ್ ಸತ್ತಿತ್ತು. ಹೊಸದು ತಂದು ಹಾಕಿ ಬಿಯರು ಹುದುಗಲು ಇಟ್ಟಿದ್ದೆ. ಇವತ್ತು ರುಚಿ ನೋಡಿದೆ. ಸ್ವಲ್ಪ ಕಹಿ, ಆದರೆ ಕುಡಿಯಬಹುದು.

ನೊರೆ ಬರಲೆಂದು ಬಾಟಲಿಗೊಂದು ಚಮಚ ಸಕ್ಕರೆ ಹಾಕಿ ತುಂಬಿಸಿ ಮುಚ್ಚಳ ಒತ್ತಿದೆ. ಮೊದಲೆಲ್ಲ ಮುಚ್ಚಳ ಒತ್ತುವುದು ಡೆಸ್‌ನ ಕೆಲಸ. ಕೈ ತನ್ನಷ್ಟಕ್ಕೆ ಒಂದು ಬಲಗಡೆಯ ಕ್ರೇಟಿಗೆ, ಒಂದು ಎಡಗಡೆಯದಕ್ಕೆ ಇಡುತ್ತಾ ಹೋಯಿತು. ಹದಿನೈದು, ಹದಿನೈದು. ಎಡಗಡೆಯದು ಯಾವಾಗಲೂ ಅವನದು.

ಅದನ್ನು ಎತ್ತಿ ಕಾರಿನಲ್ಲಿಟ್ಟು, ಅವನಿಗೆ ಕೊಟ್ಟುಬರಲೆಂದು ಕೀಲಿ ತಿರುಗಿಸುವಾಗ ನೆನಪಾಯಿತು, ಅವನಿಲ್ಲ.

ಇನ್ನೂ ಕಾರಿನಲ್ಲೇ ಇದೆ. ಇಳಿಸೋಕೆ ಆಗ್ತಿಲ್ಲ.