ಸ್ನಾನಕ್ಕೆ ಮೊದಲು ಇಡ್ಲಿ

ಅತ್ತೆಯವರೇ,

ಹಾಗಲವಾಡಿ ಮನೆಯ ಹಿರಿಯ ಸೊಸೆ, ಈಗಿನ ಯಜಮಾನಿ ಭದ್ರಮ್ಮ ಬರೆಯುತ್ತಿದ್ದೇನೆ. ಸ್ನಾನ, ಲಿಂಗಪೂಜೆ ಆಗದೆ ಯಾರೂ ತುತ್ತು ಮುಟ್ಟಬಾರದೆಂಬ ನಿಮ್ಮ ಕಟ್ಟಳೆಯನ್ನು ನೀವು ಹೋದ ಮೇಲೂ ಕಾಯ್ದವಳು ನಾನೇ.

ನನಗಿರುವುದು ಖಿನ್ನತೆಯೆಂದು ತುಮಕೂರಿನ ಡಾಕ್ಟರು ಹೇಳಿದ್ದಾರೆ. ಬೆಳಿಗ್ಗೆ ತಿಂಡಿಯಾದ ಮೇಲೆ ಮಾತ್ರೆ ನುಂಗಬೇಕು. ಕೆಟ್ಟ ದಿನಗಳಲ್ಲಿ ಬಚ್ಚಲಿಗೆ ಹೋಗುವಷ್ಟೂ ಶಕ್ತಿಯಿರುವುದಿಲ್ಲ. ಸ್ನಾನವಿಲ್ಲದೆ ತಿಂಡಿಯಿಲ್ಲ, ತಿಂಡಿಯಿಲ್ಲದೆ ಮಾತ್ರೆಯೂ ಇಲ್ಲ.

ಇವತ್ತು ನನ್ನ ಸೊಸೆ ರೂಪಶ್ರೀ ಮಂಚಕ್ಕೇ ಇಡ್ಲಿ ತಂದಳು. ಕುಣಿಗಲ್ಲಿನಿಂದ ಬಂದಿರುವ ನಿಮ್ಮ ಮಗಳು ಸರ್ವಮಂಗಳ ಬಾಗಿಲಲ್ಲಿ ನಿಂತು, "ಏನತ್ಗೆ, ಮೈಗ್ ನೀರ್ ಬೀಳ್ದೇನೆ ತಿಂಡಿನಾ? ನಮ್ಮವ್ವ ಹಿಂಗ್ ಮಲಗಿದ್ ದಿನ ಉಪವಾಸ ಇರೋರು," ಎಂದಳು.

ಉಪವಾಸವಂತೆ. ನೀವು ಗೋಡೆಗೆ ಮುಖ ಮಾಡಿ ಮಲಗಿದಾಗಲೆಲ್ಲ, ಅತ್ತೆಗೆ ವ್ರತವೆಂದು ಬಾಗಿಲು ಮುಂದೆ ಮಾಡಿ ನಾವು ಊಟಕ್ಕೆ ಕೂರುತ್ತಿದ್ದೆವು. ಅದು ಯಾವ ದೇವರ ವ್ರತ? ಏಳಲಾಗುತ್ತಿಲ್ಲ ಎಂದು ಒಮ್ಮೆ ಬಾಯಿಬಿಟ್ಟಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು? ಬಡಿಸುವವಳು ನಾನೇ ಇದ್ದೆನಲ್ಲ.

"ನಿಮ್ಮವ್ವಂಗೆ ಯಾರೂ ತಂದ್ಕೊಡ್ಲಿಲ್ಲ ಕಣೇ. ನೀನ್ ಹೋಗಿ ಚಟ್ನಿ ತತ್ತಾ," ಎಂದೆ.

ಎರಡು ಇಡ್ಲಿ ತಿಂದು ಮಾತ್ರೆ ನುಂಗಿದೆ. ಆಮೇಲೆ ಎದ್ದು, ಸ್ನಾನವಾಗದ ಕೈಯಲ್ಲೇ ನಿಮ್ಮ ಪಟದ ಮುಂದೆಯೂ ಒಂದು ತಟ್ಟೆ ಇಡ್ಲಿ ಇಟ್ಟಿದ್ದೇನೆ.