ಅಮ್ಮನಿಗೆ ಸ್ಪ್ಯಾನಿಷ್

ಹಲಸೂರು
೧೧ ಜನವರಿ ೨೦೨೬, ಭಾನುವಾರ

ನನ್ನ ಬಂಗಾರದ ನಂದು,

ದಾವಣಗೆರೆಯಲ್ಲಿ ಚಳಿ ಹೇಗಿದೆ? ಇಲ್ಲಿ ಬೆಳಿಗ್ಗೆ ನಲ್ಲಿ ನೀರು ಮುಟ್ಟಿದರೆ ಬೆರಳು ಮರಗಟ್ಟುತ್ತದೆ. ನಾನು ಚೆನ್ನಾಗಿದ್ದೇನೆ, ಮಂಡಿನೋವು ಇದ್ದಷ್ಟೇ ಇದೆ. ಇನೆಸ್ ಬಂದು ಹೋಗಿ ಮೂರು ವಾರವಾಯಿತು. ಎಲ್ಲವನ್ನೂ ವಿವರವಾಗಿ ಬರೆಯುತ್ತೇನೆ ಎಂದು ನಿನಗೆ ಮಾತು ಕೊಟ್ಟಿದ್ದೆ. ಇಷ್ಟು ತಡ ಮಾಡಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಮ್ಮಿಬ್ಬರ ಮಾತು ಊಟ ಆಯಿತಾ, ಮಾತ್ರೆ ತಗೊಂಡೆಯಾ ಎಂಬಲ್ಲಿಗೇ ಮುಗಿದುಹೋಗುತ್ತದಲ್ಲ. ಈ ಕಾಗದದ ಜೊತೆ ಸಂಕ್ರಾಂತಿಯ ಎಳ್ಳು ಬೆಲ್ಲ ಕಳಿಸುತ್ತಿದ್ದೇನೆ. ಕೊಬ್ಬರಿಯನ್ನು ನಿನಗೆ ಬೇಕಾದಷ್ಟು ಸಣ್ಣಗೆ ಹೆಚ್ಚಿದ್ದೇನೆ. ಹಾಸ್ಟೆಲಿನವರಿಗೂ ಹಂಚು.

ಮೊದಲು ನಿನ್ನ ಋಣ ನೆನೆಯಬೇಕು. ಕಳೆದ ಜೂನ್‌ನಲ್ಲಿ ಪಿಲಾರ್ ಮೇಡಂ ಸ್ಪೇನಿನಿಂದ ಮೆಸೇಜು ಕಳಿಸಿದ್ದರು. ಅವರ ಮಗಳು ಇನೆಸ್ ಡಿಸೆಂಬರಿನಲ್ಲಿ ಬೆಂಗಳೂರಿಗೆ ಬರುತ್ತಾಳೆ, ತಾನು ಬೆಳೆದ ಜಾಗ ನೋಡಬೇಕಂತೆ, ನಿಮ್ಮನ್ನೂ ನೋಡಬೇಕಂತೆ ಎಂದು. ಇಂದಿರಾನಗರದ ಆ ಮನೆಯಲ್ಲಿ ನಾಲ್ಕು ತಿಂಗಳ ಕೂಸಿನಿಂದ ಆರು ವರ್ಷದವರೆಗೆ ನಾನು ಎತ್ತಿ ಆಡಿಸಿದ ಹುಡುಗಿ ಅವಳು. ಅವಳ ಬಾಯಲ್ಲಿ ಮೊದಲು ಬಂದ ಮಾತೆಲ್ಲ ಕನ್ನಡವೇ. ಈಗ ಅವಳಿಗೆ ಒಂದಕ್ಷರ ಕನ್ನಡ ಉಳಿದಿಲ್ಲ ಎಂದು ಮೇಡಂ ಬರೆದಿದ್ದರು. ನನ್ನ ಇಂಗ್ಲಿಷ್ ಎಷ್ಟೆಂದು ನಿನಗೆ ಗೊತ್ತೇ ಇದೆ, ಎಸ್ಸೆಸ್ಸೆಲ್ಸಿಯಲ್ಲಿ ಅದೊಂದರಲ್ಲೇ ಫೇಲಾದವಳು. 'ಬೇಬಿ ಸ್ಲೀಪಿಂಗ್ ಮೇಡಂ' ಎಂಬಲ್ಲಿಂದ ಮುಂದೆ ಹೋಗದ ಇಂಗ್ಲಿಷು. ಹತ್ತೊಂಬತ್ತು ವರ್ಷದ ಹುಡುಗಿಯ ಎದುರು ಮೂಗಿಯ ಹಾಗೆ ಕೂರುವುದಕ್ಕಿಂತ ಅವಳ ಮಾತನ್ನೇ ಕಲಿತುಬಿಡೋಣ ಎನಿಸಿತು.

ಅದನ್ನು ಹೇಳಲು ನಿನಗೆ ಫೋನು ಮಾಡಿದಾಗ ನೀನು ಅಂದದ್ದು ಇನ್ನೂ ಕಿವಿಯಲ್ಲಿದೆ. "ಅವಳು ಕನ್ನಡ ಕಲೀಲಿ. ನೀನ್ಯಾಕೆ ಕಲೀಬೇಕು?" ಅಂದೆ. ಆಮೇಲೆ, "ನನ್ನ ಮಾರ್ಕ್ಸ್ ಕಾರ್ಡ್ ಮೇಲೆಲ್ಲ ಅಜ್ಜಿ ಹೆಬ್ಬೆಟ್ಟೇ ಇರೋದಮ್ಮಾ. ನಿಂಗೆ ಆಗ ಪುರುಸೊತ್ತಿರ್ಲಿಲ್ಲ, ಈಗ ಸ್ಪ್ಯಾನಿಷ್ ಕಲಿಯೋಕೆ ಪುರುಸೊತ್ತಾಯ್ತಾ?" ಅಂದು ಫೋನು ಇಟ್ಟೆ. ನೀನು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ಆದರೆ ಕಲಿಯುವುದನ್ನು ಬಿಡಲಿಲ್ಲ, ಅದು ನನ್ನ ಹಟ.

ಶಿವಾಜಿನಗರದ ಫುಟ್‌ಪಾತಿನಲ್ಲಿ ಒಂದು ಹಳೆಯ ಪುಸ್ತಕ ಸಿಕ್ಕಿತು. ಮನೆಯಲ್ಲೇ ಕೂತು ಗುರುವಿಲ್ಲದೆ ಕಲಿಯುವ ಪುಸ್ತಕ. ಹಿಂದಿನ ರಟ್ಟಿನಲ್ಲಿ ಸಿ.ಡಿ. ಇಡುವ ಚೀಲವಿತ್ತು, ಸಿ.ಡಿ. ಇರಲಿಲ್ಲ. ಎಲ್ಲ ವಿವರಣೆಯೂ ಇಂಗ್ಲಿಷಿನಲ್ಲಿ. ಒಂದು ಸ್ಪ್ಯಾನಿಷ್ ಪದ ತಿಳಿಯಲು ಮೂರು ಇಂಗ್ಲಿಷ್ ಪದಗಳ ಅರ್ಥ ಹುಡುಕಬೇಕಿತ್ತು. ಮೊಬೈಲಿಗೂ ಒಂದು ಪಾಠ ಹಾಕಿಸಿಕೊಂಡೆ. ಅದರಲ್ಲಿ ಮೊದಲ ವಾರವೇ 'ಕರಡಿ ಹಾಲು ಕುಡಿಯುತ್ತದೆ' ಎಂದು ಬಂತು. ಸ್ಪೇನಿನಿಂದ ಬರುವ ಹುಡುಗಿಗೆ ನಾನು ಕರಡಿಯ ವಿಷಯ ಯಾಕೆ ಹೇಳಲಿ? ಒಂದು ದಿನ ಪಾಠ ತಪ್ಪಿದರೆ ಮೊಬೈಲು ಅಳುಮುಖ ತೋರಿಸುತ್ತಿತ್ತು. ದೊಡ್ಡನೆಕ್ಕುಂದಿಯ ಕಂಪನಿಯ ಶಿಶುವಿಹಾರದಲ್ಲಿ ಇಡೀ ದಿನ ಮಕ್ಕಳ ಅಳುಮುಖ ನೋಡಿ ಬಂದವಳಿಗೆ ಮನೆಯಲ್ಲಿ ಇದೊಂದು.

ಮೇಜು ಹೆಣ್ಣಂತೆ, ಪುಸ್ತಕ ಗಂಡಂತೆ. ನಮ್ಮಲ್ಲಿ ಜೀವವಿಲ್ಲದ್ದೆಲ್ಲ ಸುಮ್ಮನೆ 'ಅದು' ಆಗಿ ಮೂಲೆಯಲ್ಲಿ ಬಿದ್ದಿರುತ್ತದೆ, ಅಲ್ಲಿ ಚಮಚಕ್ಕೂ ಹೆಣ್ಣು ಗಂಡು ನೋಡಬೇಕು. 'ಇರು' ಎಂಬುದಕ್ಕೆ ಎರಡು ಮಾತು, ಸೆರ್ ಮತ್ತು ಎಸ್ತಾರ್. ಎಲ್ಲಿ ಯಾವುದನ್ನು ಹಾಕಿದರೂ ಮೊಬೈಲು ಕೆಂಪು ಗೆರೆ ಎಳೆಯುತ್ತಿತ್ತು. ಬಸ್ಸು ಟಿನ್ ಫ್ಯಾಕ್ಟರಿ ಹತ್ತಿರ ನಿಂತಾಗಲೆಲ್ಲ ಬಾಯಿಪಾಠ ಮಾಡುತ್ತಿದ್ದೆ. ಪಕ್ಕದ ಸೀಟಿನವರು ಮಂತ್ರ ಹೇಳುತ್ತಿದ್ದಾಳೆ ಎಂದುಕೊಂಡು ಸ್ವಲ್ಪ ಸರಿದು ಕೂರುತ್ತಿದ್ದರು. ಎರಡು ತಿಂಗಳು ಕಳೆಯುವಷ್ಟರಲ್ಲಿ ತಲೆ ಕೆಟ್ಟುಹೋಯಿತು. ಪುಸ್ತಕವನ್ನು ಅಕ್ಕಿ ಡಬ್ಬದ ಮೇಲೆ ಎಸೆದು, ಇನ್ನು ಸಾಕು ಎಂದು ಕೂತಿದ್ದ ವಾರವೇ ನಿನ್ನ ಪಾರ್ಸೆಲ್ ಬಂತು.

ಇನ್ನೂರು ಪುಟದ ನೋಟ್‌ಬುಕ್ಕು. ಮೊದಲ ಪುಟದಲ್ಲಿ ನಿನ್ನ ದುಂಡನೆಯ ಅಕ್ಷರದಲ್ಲಿ 'ಅಮ್ಮನಿಗೆ ಸ್ಪ್ಯಾನಿಷ್' ಎಂದಿತ್ತು. ನೀನೇ ಎಲ್ಲೋ ಹುಡುಕಿ, ಓದಿ, ಒಂದೊಂದು ಪಾಠವನ್ನೂ ಕನ್ನಡದಲ್ಲಿ ಬಿಡಿಸಿ ಬರೆದಿದ್ದೆ. ಶಾಲೆಯಲ್ಲಿ ದಿನಕ್ಕೆ ಆರು ಪೀರಿಯಡ್ ಇಂಗ್ಲಿಷ್ ಪಾಠ ಮಾಡಿ ಬಂದು ಅದನ್ನೆಲ್ಲ ಯಾವಾಗ ಬರೆದೆ ಮಗಳೇ? ಜೊತೆಗೆ ಒಂದು ಸಾಲಿನ ಕಾಗದವೂ ಇರಲಿಲ್ಲ. ನಾನು ಫೋನು ಮಾಡಿದಾಗ, "ಸುಮ್ನೆ ಓದು ಅಮ್ಮಾ, ಅಳ್ಬೇಡ. ನನಗೆ ಪೇಪರ್ ತಿದ್ದೋದಿದೆ" ಅಂದುಬಿಟ್ಟೆ.

ಅದರ ಏಳನೆಯ ಪುಟ ನನಗೆ ಬಾಯಿಪಾಠವಾಗಿದೆ. 'ಯಾವಾಗಲೂ ಹಾಗೇ ಇರುವುದಕ್ಕೆ ಸೆರ್. ಇವತ್ತೊಂದು ಕಡೆ, ನಾಳೆ ಇನ್ನೊಂದು ಕಡೆ ಇರುವುದಕ್ಕೆ ಎಸ್ತಾರ್. ನೀನು ನನ್ನ ಅಮ್ಮ, ಇದಕ್ಕೆ ಸೆರ್. ನೀನು ಇಂದಿರಾನಗರದಲ್ಲಿದ್ದೀಯ, ಇದಕ್ಕೆ ಎಸ್ತಾರ್.' ಬೇರೆ ಉದಾಹರಣೆ ನಿನಗೆ ಸಿಗಲಿಲ್ಲವೇ ಎಂದು ಅವತ್ತು ಸೆರಗಿನಿಂದ ಮುಖ ಒರೆಸಿಕೊಂಡೆ. ಆದರೆ ಆಮೇಲೆ ಆ ಎರಡು ಮಾತನ್ನು ನಾನು ಒಮ್ಮೆಯೂ ತಪ್ಪಲಿಲ್ಲ.

ಹನ್ನೆರಡನೆಯ ಪಾಠದಲ್ಲಿ ನೀನು, 'ಇಂಗ್ಲಿಷ್‌ನವರಿಗೆ ಇದು ಕಷ್ಟ, ನಮಗೆ ಸಲೀಸು' ಎಂದು ಬರೆದಿದ್ದೆಯಲ್ಲ, ಅಲ್ಲಿಂದ ನನಗೆ ಧೈರ್ಯ ಬಂತು. ಮೆ ಗುಸ್ತಾ ಎಂದರೆ ಅಚ್ಚು ನಮ್ಮ 'ನನಗೆ ಇಷ್ಟ'ವೇ. ನೀನು ಎನ್ನಲು ತೂ, ನೀವು ಎನ್ನಲು ಉಸ್ತೆದ್. ಇಂಗ್ಲಿಷಿನಲ್ಲಿ ಇಲ್ಲದ ಮರ್ಯಾದೆ ಅವರಲ್ಲಿದೆ ಎಂದು ಖುಷಿಯಾಯಿತು.

ಪಕ್ಕದ ಮನೆಯ ಇಮಾಮ್ ಬೀ ಒಂದು ಸಂಜೆ ಬಾಗಿಲಲ್ಲಿ ನಿಂತು, "ಏನ್ ಲಕ್ಷ್ಮಮ್ಮಾ, ಒಬ್ಳೇ ಕೂತ್ಕೊಂಡು ಯಾರ್ ಜೊತೆ ಜಗಳ ಆಡ್ತಾ ಇದೀಯ?" ಅಂದಳು. ಒಳಗೆ ಕರೆದು ಪಾಠ ಒಪ್ಪಿಸಿದೆ. ಕಮೀಸಾ ಎಂದರೆ ಅಂಗಿ ಅಂದೆ. "ಕಮೀಜ್!" ಅಂದಳು. ಹಬೋನ್ ಎಂದರೆ ಸೋಪು ಅಂದೆ. "ಸಾಬೂನ್!" ನಾರಾಂಹಾ ಎಂದರೆ ಕಿತ್ತಳೆ. "ನಾರಂಗಿ! ಅರೆ ಅಲ್ಲಾ, ಇದು ನಮ್ದೇ ಬಾತ್, ನಮ್ದೇ ಮಾತು ಕಣೇ. ಯಾರೋ ಕದ್ದು ಆ ಕಡೆ ತಗೊಂಡ್ ಹೋಗಿದಾರೆ!" ಎಂದು ತೊಡೆ ತಟ್ಟಿಕೊಂಡು ನಕ್ಕಳು. ಅಂದಿನಿಂದ ದಿನಾ ಬಂದು ನನ್ನ ಎದುರು ಕೂತು ನೋಟ್‌ಬುಕ್ಕು ಹಿಡಿಯುತ್ತಿದ್ದಳು. ಕನ್ನಡ ಓದಲು ಬರದಿದ್ದರೂ ನಾನು ತಡವರಿಸಿದರೆ, "ಮತ್ತೆ ಹೇಳು" ಎನ್ನುತ್ತಿದ್ದಳು. ಅವಳಷ್ಟು ಕಟ್ಟುನಿಟ್ಟಿನ ಮೇಷ್ಟ್ರು ನನಗೆ ಸ್ಕೂಲಿನಲ್ಲೂ ಇರಲಿಲ್ಲ. ಕೆಲಸದ ಜಾಗದಲ್ಲಿ ಮಾತ್ರ ಸಣ್ಣ ಎಡವಟ್ಟಾಯಿತು. ಒಬ್ಬ ತಾಯಿ ಬಂದು, "ಆಂಟಿ, ಮನೇಲಿ ಮಗು ಅಗ್ವಾ ಅಗ್ವಾ ಅಂತ ಅಳುತ್ತೆ, ಏನದು?" ಎಂದು ಕೇಳಿದಳು. ನೀರು ಕೊಡಿ ಎಂದೆ.

ಡಿಸೆಂಬರ್ ಹದಿನೆಂಟರಂದು ಇನೆಸ್ ಮನೆಗೆ ಬಂದಳು. ಬಾಗಿಲಿಗಿಂತ ಎತ್ತರ, ತಲೆ ಬಗ್ಗಿಸಿ ಒಳಗೆ ಬರಬೇಕಾಯಿತು. ಮೂರು ದಿನದಿಂದ ತಯಾರು ಮಾಡಿಟ್ಟುಕೊಂಡಿದ್ದ ಮಾತೆಲ್ಲ ಎಲ್ಲಿ ಹೋಯಿತೋ! "ಬಾ ಒಳಗೆ" ಅಂದುಬಿಟ್ಟೆ, ಕನ್ನಡದಲ್ಲಿ. ಅವಳು ಅರ್ಥವಾಗದೆ ನಗುತ್ತಾ ನಿಂತಳು. ಆಮೇಲೆ ಉಸಿರು ಎಳೆದುಕೊಂಡು, "ಬಿಯೆನ್‌ವೆನೀದಾ, ಮಿ ನಿನ್ಯಾ" ಎಂದೆ. ಬಾ ನನ್ನ ಮಗುವೇ ಎಂದು. ಅವಳು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಆಮೇಲೆ ಕೊಳಾಯಿ ಒಡೆದ ಹಾಗೆ ಮಾತು ಸುರಿಯಿತು ನೋಡು! ಮೊಬೈಲಿನ ಹೆಂಗಸು ಒಂದೊಂದೇ ಪದ ಬಿಡಿಸಿ ಹೇಳುತ್ತಿದ್ದಳು. ಇವಳದು ಬೆಳಗಿನ ಹೊತ್ತಿನ ಮೆಟ್ರೋ ರೈಲು. ಅದೂ ಥ್ಯಾಂಕ್ಸಿಗೆ ಗ್ರಾಸಿಯಾಸ್ ಎಂದು ನಾನು ಕಲಿತಿದ್ದರೆ, ಅವಳು ನಾಲಿಗೆಯನ್ನು ಹಲ್ಲಿನ ನಡುವೆ ಸಿಕ್ಕಿಸಿ ಗ್ರಾಥಿಯಾಸ್ ಎನ್ನುತ್ತಾಳೆ. "ದೆಸ್ಪಾಸಿಯೊ, ಪೋರ್ ಫಾವೋರ್" ಎಂದು ಕೈ ಮುಗಿದೆ. ನಿಧಾನವಾಗಿ ಹೇಳು ತಾಯಿ ಎಂದು. ನಕ್ಕು, ನನ್ನ ಕೈ ಹಿಡಿದುಕೊಂಡು, ಮಗುವಿಗೆ ಅನ್ನ ಕಲಸಿ ಕೊಡುವ ಹಾಗೆ ಒಂದೊಂದೇ ಮಾತು ಹೇಳತೊಡಗಿದಳು.

ಅವಳು ಹೇಳಿದ್ದು ಇದು. "ನನಗೆ ಇಲ್ಲಿಯದು ಏನೂ ನೆನಪಿಲ್ಲ. ನಿಮ್ಮ ಮುಖವೂ ನೆನಪಿಲ್ಲ. ಕ್ಷಮಿಸಿ." ಉಸ್ತೆದ್ ಎಂದಳು, ತೂ ಎನ್ನಲಿಲ್ಲ. ಆರು ವರ್ಷ ನನ್ನನ್ನು ನೀನು ಎಂದೇ ಕರೆದು ಕುತ್ತಿಗೆಗೆ ನೇತಾಡಿದವಳು. ಸುಳ್ಳು ಹೇಳುವುದಿಲ್ಲ ನಂದು, ಒಂದು ನಿಮಿಷ ಎದೆ ಖಾಲಿಯಾಯಿತು. ಆದರೆ ನೆನಪಿಲ್ಲದವಳು ಅಷ್ಟು ದೂರದಿಂದ ಹುಡುಕಿಕೊಂಡು ಬಂದಳಲ್ಲ, ಅದು ದೊಡ್ಡದು ಎಂದುಕೊಂಡೆ.

ಹಿತಕಿದ ಅವರೆಬೇಳೆ ಸಾರು, ಮುದ್ದೆ ಮಾಡಿದ್ದೆ. ಅವಳು ಮುದ್ದೆಯನ್ನು ಅಗಿಯುತ್ತಾ ಕೂತಳು. 'ನುಂಗಬೇಕು' ಎಂಬುದಕ್ಕೆ ನನ್ನಲ್ಲಿ ಮಾತಿರಲಿಲ್ಲ. ವಿಮಾನ ನಿಲ್ದಾಣ, ಗ್ರಂಥಾಲಯ, ಕರಡಿ, ಎಲ್ಲ ಕಲಿಸಿದವರು ಅದೊಂದು ಕಲಿಸಿರಲಿಲ್ಲ. ಗಂಟಲು ಮುಟ್ಟಿ ತೋರಿಸಿ ನುಂಗಿಸಿದೆ. ಕಣ್ಣಲ್ಲಿ ನೀರು ಬಂದರೂ ಎರಡನೆಯ ಮುದ್ದೆ ಕೇಳಿದಳು.

ಊಟವಾದ ಮೇಲೆ ಗೋಡೆಯ ಮೇಲಿದ್ದ ನಿನ್ನ ಘಟಿಕೋತ್ಸವದ ಫೋಟೋ ನೋಡಿ ಯಾರು ಎಂದಳು. "ಮಿ ಇಹಾ," ನನ್ನ ಮಗಳು ಎಂದೆ. ವಯಸ್ಸು ಕೇಳಿ ಬೆರಳಲ್ಲಿ ಲೆಕ್ಕ ಹಾಕಿದಳು. "ನಾನು ಹುಟ್ಟಿದಾಗ ಇವಳಿಗೆ ಏಳು ವರ್ಷ. ಆಗ ಎಲ್ಲಿದ್ದಳು?"

"ನನ್ನ ಅಮ್ಮನ ಹತ್ತಿರ, ಹೊಸಕೋಟೆಯ ಆಚೆ ಒಂದು ಹಳ್ಳಿಯಲ್ಲಿ."

ಅವಳು ಫೋಟೋ ನೋಡುತ್ತಲೇ ಇದ್ದಳು. ಆಮೇಲೆ, "ನನ್ನ ತಲೆಯನ್ನು ಬೇರೆ ಯಾರಿಗೂ ಬಾಚಲು ಬಿಡುತ್ತಿರಲಿಲ್ಲವಂತೆ, ನೀವೇ ಬೇಕಂತೆ. ಅಮ್ಮ ಹೇಳುತ್ತಾಳೆ," ಎಂದಳು. "ಇವಳ ತಲೆ ಯಾರು ಬಾಚುತ್ತಿದ್ದರು?"

ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ನೀನೂ ಕೇಳಲಿಲ್ಲ. ನಿನ್ನ ನೋಟ್‌ಬುಕ್ಕಿನಲ್ಲಿ ಭೂತಕಾಲ ಎರಡಿದೆಯಲ್ಲ, ಒಂದೇ ಸಲ ಆಗಿ ಮುಗಿದದ್ದಕ್ಕೆ ಒಂದು, ದಿನಾ ನಡೆಯುತ್ತಲೇ ಇದ್ದದ್ದಕ್ಕೆ ಇನ್ನೊಂದು. ನಾನು ಯಾವಾಗಲೂ ತಪ್ಪುತ್ತಿದ್ದ ಪಾಠ ಅದು. ಅವತ್ತು ತಪ್ಪಲಿಲ್ಲ. "ನನ್ನ ಅಮ್ಮ ಬಾಚುತ್ತಿದ್ದಳು. ಯೊ ನೊ ಎಸ್ತಾಬಾ," ಎಂದೆ. ನಾನು ಇರುತ್ತಿರಲಿಲ್ಲ. ಈ ಮಾತನ್ನು ಕನ್ನಡದಲ್ಲಿ ಹೇಳಲು ಹೊರಟಾಗಲೆಲ್ಲ ನನ್ನ ಹಿಂದೆ ನೂರು ಕಾರಣ ಬಂದು ನಿಲ್ಲುತ್ತಿದ್ದವು. ನಿಮ್ಮಪ್ಪ ತೀರಿಕೊಂಡದ್ದು, ಕೆಲಸ, ನಿನ್ನ ಓದು. ಸ್ಪ್ಯಾನಿಷ್‌ನಲ್ಲಿ ಕಾರಣ ಹೇಳುವಷ್ಟು ಮಾತು ನನಗೆ ಬರುತ್ತಿರಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿ ಸುಮ್ಮನಾಗಬೇಕಾಯಿತು.

ಹೊರಡುವಾಗ ಇನೆಸ್ ಚಪ್ಪಲಿ ಹಾಕಿಕೊಳ್ಳುತ್ತಾ, "ನಿಮ್ಮ ಮಗಳಿಗೆ ನನ್ನ ಥ್ಯಾಂಕ್ಸ್ ಹೇಳ್ತೀರಾ?" ಎಂದು ಕೇಳಿದಳು. ಹೇಳುತ್ತೇನೆ ಎಂದೆ. ಈಗ ಹೇಳಿದ್ದೇನೆ. ಅವಳದರ ಜೊತೆಗೆ ನನ್ನದನ್ನೂ ಸೇರಿಸಿಕೋ. ಕೋಪ ಇದ್ದರೂ ಕೂತು ಇನ್ನೂರು ಪುಟ ಬರೆದೆಯಲ್ಲ, ಅಂಥ ಮನಸ್ಸನ್ನು ನಾನು ನಿನಗೆ ಕಲಿಸಿದ್ದಲ್ಲ. ಅಜ್ಜಿಯದು, ಇಲ್ಲವೇ ನಿನ್ನದೇ. ಐವತ್ತೈದನೆಯ ವಯಸ್ಸಿನಲ್ಲಿ ನನಗೆ ಓದು ತಲೆಗೆ ಹತ್ತಿದ್ದು ನಿನ್ನಿಂದ. ಇಮಾಮ್ ಬೀ ಈಗ ತಾನೂ ಕನ್ನಡ ಅಕ್ಷರ ಕಲಿಯುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಅ ಆ ಇ ಈ ಶುರುವಾಗಿದೆ.

ಬೆಳಿಗ್ಗೆ ತಿಂಡಿ ಬಿಡಬೇಡ. ತಲೆಗೆ ಎಣ್ಣೆ ಹಾಕು. ನಮ್ಮ ಮುನೇಶ್ವರ ನಿನ್ನ ಬೆನ್ನಿಗೆ ನಿಂತು ಕಾಯಲಿ, ನಿನ್ನ ಕೈಯಲ್ಲಿ ಓದಿದ ಮಕ್ಕಳೆಲ್ಲ ಉದ್ಧಾರವಾಗಲಿ.

ಇತಿ ನಿನ್ನ ಅಮ್ಮ,
ಮುನಿಲಕ್ಷ್ಮಮ್ಮ

ತಾ. ಕ.: ಕಾಗದ ಮಡಚಿ ಕವರಿಗೆ ಹಾಕಿದ್ದೆ, ಮತ್ತೆ ತೆಗೆದೆ. ನಿನಗೆ ಒಂಬತ್ತು ವರ್ಷವಿದ್ದಾಗ ಡೆಂಗ್ಯೂ ಬಂದು ಹೊಸಕೋಟೆಯ ಆಸ್ಪತ್ರೆಯಲ್ಲಿ ಮಲಗಿದ್ದೆ. ನಾನು ಮೂರನೆಯ ದಿನ ಬಂದೆ. ಸುದ್ದಿಯೇ ಸಿಕ್ಕಿರಲಿಲ್ಲ, ಸಿಕ್ಕಿದ್ದರೆ ಓಡಿ ಬರುತ್ತಿದ್ದೆ ಎಂದು ನಿನ್ನ ತಲೆ ಸವರಿದೆ. ನೀನು ನಂಬಿದೆ. "ನಮ್ಮಮ್ಮಂಗೆ ಗೊತ್ತಿಲ್ಲ, ಗೊತ್ತಾದ್ರೆ ಬರ್ತಾಳೆ" ಎಂದು ಎರಡು ದಿನವೂ ನರ್ಸುಗಳಿಗೆ ಹೇಳುತ್ತಿದ್ದೆಯಂತೆ, ಅಜ್ಜಿ ಆಮೇಲೆ ಹೇಳಿದಳು. ಅಜ್ಜಿ ಮೊದಲ ದಿನ ಬೆಳಿಗ್ಗೆಯೇ ಅಂಗಡಿಯಿಂದ ಫೋನು ಮಾಡಿದ್ದಳು. ನಾನೇ ಎತ್ತಿಕೊಂಡೆ. ಪಿಲಾರ್ ಮೇಡಂ "ಹೋಗಿ ಬಾ" ಎಂದೇ ಅಂದರು, ತಡೆಯಲಿಲ್ಲ. ಇನೆಸ್‌ಗೆ ಎರಡು ವರ್ಷ, ನೆಗಡಿಯಾಗಿ ನನ್ನ ಸೆರಗು ಬಿಡುತ್ತಿರಲಿಲ್ಲ. ಇವಳು ಮಲಗಲಿ, ನಾಳೆ ಹೋಗೋಣ ಎಂದುಕೊಂಡೆ. ಮರುದಿನವೂ ಹಾಗೇ ಅಂದುಕೊಂಡೆ. ಎರಡು ಬಸ್ಸು ಹತ್ತಿದ್ದರೆ ಸಾಕಿತ್ತು. ಅಜ್ಜಿ ಸಾಯುವವರೆಗೂ ನಿನಗೆ ಹೇಳಲಿಲ್ಲ, ನನ್ನ ಮಾನ ಉಳಿಸಿದಳು. ನನಗೆ ಸುದ್ದಿ ಸಿಕ್ಕಿತ್ತು ನಂದು.