ಮೇಲಿನ ಮನೆಯ ಸದ್ದು

ಜೂನ್ 11, ಮಂಗಳವಾರ. ಬೆಳಿಗ್ಗೆ 7.50

ಉಪ್ಪಿಟ್ಟು ಮಾಡಿದೆ. ಸೋಮುಗೆ ಮಾತ್ರೆ ಕೊಟ್ಟೆ. ನಾಲಿಗೆ ಎತ್ತಿಸಿ ನೋಡಿದೆ — ನುಂಗಿದ್ದಾನೆ. ಮೂವತ್ತೊಂಬತ್ತು ವರ್ಷದ ತಮ್ಮನ ಬಾಯಿ ತೆರೆಸಿ ನೋಡುವುದು ಈಗ ಹಲ್ಲುಜ್ಜಿದಷ್ಟೇ ಸಹಜ. ಹದಿನಾಲ್ಕು ವರ್ಷವಾಯಿತು.

ಸ್ಕೂಟರ್ ಕೀ ಹುಡುಕುತ್ತಿದ್ದಾಗ ಕೇಳಿದ. "ಅಕ್ಕ, ಮೇಲೆ ಬಡೀತಿದಾರೆ. ಇದ್ಯಾ?"

ಇದು ಡಾಕ್ಟರ್ ಅಂಜನಾ ಹಾಕಿಕೊಟ್ಟ ಪದ್ಧತಿ. ಏನಾದರೂ ಕೇಳಿಸಿದರೆ ನನ್ನನ್ನು ಕೇಳಬೇಕು. ನಾನು ಇದೆ ಅಂದರೆ ಇದೆ. ಇಲ್ಲ ಅಂದರೆ ಕಾಯಿಲೆಯ ಸದ್ದು, ಬಿಟ್ಟುಬಿಡಬೇಕು. ತೀರಿಹೋದ ಅಪ್ಪ ಫ್ಯಾನಿನೊಳಗಿಂದ ಮಾತಾಡುತ್ತಾರೆ ಅನ್ನುತ್ತಿದ್ದ. ಅದು ನಿಂತದ್ದು ಹೀಗೆಯೇ.

ಒಂದು ಕ್ಷಣ ಕಿವಿಗೊಟ್ಟೆ. ಕಸದ ಗಾಡಿಯ ಹಾಡು ಅಷ್ಟೆ.

"ಇಲ್ಲ ಸೋಮು."

"ಸರಿ."

ಲ್ಯಾಬಿಗೆ ಲೇಟ್. ಫಾಸ್ಟಿಂಗ್ ಬ್ಲಡ್ ಕೊಡುವವರು ಆಗಲೇ ಕ್ಯೂ ನಿಂತಿರುತ್ತಾರೆ.

ಜೂನ್ 14, ಶುಕ್ರವಾರ. ಸಂಜೆ

ಮೇಲಿನ ಮನೆಯ ಮಧುಮತಿ ಬಂದಿದ್ದಳು. ಗಂಡ ನಿಂಗರಾಜನಿಗೆ ಕೊರಿಯರ್ ಆಫೀಸು, ಇವಳಿಗೆ ಮಾಲ್‌ನಲ್ಲಿ ಬಿಲ್ಲಿಂಗ್. ಬಾಗಲಕೋಟೆ ಕಡೆಯವರು. ಯುಗಾದಿಯಿಂದ ಅತ್ತೆ ಪಾರವ್ವನೂ ಇಲ್ಲೇ ಇದ್ದಾರೆ. ಮಧ್ಯಾಹ್ನ ಸೋಮು ಮೇಲೆ ಹೋಗಿ, ಬೀಗ ಹಾಕಿದ್ದ ಬಾಗಿಲನ್ನು ಗುದ್ದಿದನಂತೆ. ಎದುರುಮನೆಯವರು ಅವಳಿಗೆ ಫೋನ್ ಮಾಡಿದ್ದಾರೆ.

"ಅತ್ತೀಗೆ ಮರವು ಐತ್ರಿ ಅಕ್ಕಾರ. ಒಮ್ಮೆ ಹಂಗ ಹೊಂಟು ಮಡಿವಾಳ ಮಾರ್ಕೆಟ್ಟಿನ್ಯಾಗ ಸಿಕ್ಕಾರ. ಅದಕ್ಕ ಕೀಲಿ ಹಾಕ್ತೀವಿ. ಊಟ, ನೀರು ಎಲ್ಲಾ ಇಟ್ಟೇ ಹೋಗ್ತೀವ್ರಿ. ನಾವೂ ಮನಶ್ಯಾರ."

"ಅವರೇನಾದ್ರೂ ಬಡೀತಾರಾ?"

"ಇಡೀ ದಿನಾ ಮಲಗೇ ಇರ್ತಾರ್ರಿ. ಎದ್ದು ಬಡ್ಯಾಕ ಶಕ್ತಿ ಎಲ್ಲೈತಿ ಅವರಿಗೆ."

ಕ್ಷಮೆ ಕೇಳಿದೆ. ತಮ್ಮನ ಕಾಯಿಲೆಯ ಹೆಸರು ಹೇಳಿದೆ. ಅವಳ ಮುಖದಲ್ಲಿದ್ದ ಸಿಟ್ಟು ಹೋಗಿ ಮರುಕ ಬಂತು. ಸಿಟ್ಟೇ ವಾಸಿಯಿತ್ತು.

ಒಳಗೆ ಸೋಮು ಕ್ಯಾಲೆಂಡರ್ ಮೇಲೆ ಪೆನ್ಸಿಲ್‌ನಿಂದ ಬರೆದಿದ್ದಾನೆ. 11.20. 2.40. 2.55. "ಅಜ್ಜಿ ಕರೀತಿದಾರೆ ಅಕ್ಕ," ಅಂದ. ಇಲ್ಲ ಅಂದೆ. ಅವನು ಬರೆದ ಹೊತ್ತಿಗೆಲ್ಲ ನಾನು ಲ್ಯಾಬಿನಲ್ಲಿದ್ದೆ. ಹೇಗೆ ಹೇಳ್ತೀಯ ಅಂತ ಅವನು ಕೇಳಲಿಲ್ಲ. ಯಾವತ್ತೂ ಕೇಳಿದವನಲ್ಲ.

ಜೂನ್ 19, ಬುಧವಾರ. ಮಧ್ಯಾಹ್ನ 3.10

ಜ್ವರ. ನೂರಾ ಒಂದು. ರಜೆ ಹಾಕಿ ಮಲಗಿದ್ದೆ.

ಎರಡೂ ಮುಕ್ಕಾಲಿಗೆ ಎಚ್ಚರವಾಯಿತು. ನನ್ನ ತಲೆಯ ನೇರ ಮೇಲೆ, ಟಪ್ ಟಪ್. ಸ್ವಲ್ಪ ಬಿಟ್ಟು ಮತ್ತೆ. ಲೋಟವೋ ಕೋಲೋ ಏನನ್ನೋ ನೆಲಕ್ಕೆ ಕುಟ್ಟಿದ ಹಾಗೆ. ಮೃದುವಾಗಿ. ಸುಸ್ತಾದವರು ಕುಟ್ಟಿದ ಹಾಗೆ.

ಸೋಮು ಬಾಗಿಲಲ್ಲಿ ನಿಂತಿದ್ದ. ನನ್ನ ಮುಖವನ್ನೇ ನೋಡುತ್ತಿದ್ದ.

"ಇದ್ಯಾ?"

"ಇಲ್ಲ," ಅಂದೆ.

ಯಾಕೆ ಅಂದೆ? ಇದೆ ಅಂದಿದ್ದರೆ ಈಗಲೇ ಹೋಗಿ ಬಾಗಿಲು ಮುರಿಯುತ್ತಿದ್ದ. ಅದು ಒಂದು ಕಾರಣ. ಇನ್ನೊಂದು — ಇದಕ್ಕೆ ಇದೆ ಅಂದರೆ ಇಷ್ಟು ವರ್ಷ ಇಲ್ಲ ಅಂದದ್ದನ್ನೆಲ್ಲ ಅವನು ಒಂದೊಂದಾಗಿ ವಾಪಸ್ ತಂದು ಮುಂದಿಡುತ್ತಾನೆ. ಅಷ್ಟು ಶಕ್ತಿ ನನ್ನಲ್ಲಿಲ್ಲ. ಜ್ವರ ಬೇರೆ. ಜ್ವರದಲ್ಲಿ ಕಿವಿಗೆ ಏನೇನೋ ಕೇಳಿಸುತ್ತದೆ. ಜ್ವರವೇ ಇರಬೇಕು.

ಜೂನ್ 23, ಭಾನುವಾರ

ಸೋಮು ಮೂರು ದಿನದಿಂದ ಸರಿಯಾಗಿ ಮಲಗಿಲ್ಲ. ಈಗ ಬಸ್‌ಸ್ಟಾಪಿನಲ್ಲೂ ಬಡಿಯುತ್ತಾರಂತೆ, ಹಾಲಿನ ಬೂತಿನಲ್ಲೂ. ಅಂದರೆ ಕಾಯಿಲೆಯೇ. ಒಂಥರಾ ಸಮಾಧಾನವಾಯಿತು. ಬರೆಯಲು ನಾಚಿಕೆಯಾಗುತ್ತದೆ.

ಮಧುಮತಿ, ನಿಂಗರಾಜ ಬ್ಯಾಗ್ ಹಿಡಿದು ಇಳಿಯುತ್ತಿದ್ದರು. ಅವಳ ಅಪ್ಪನಿಗೆ ಆಪರೇಷನ್ನಂತೆ. "ನಾಡಿದ್ದ ಬಂದಬಿಡ್ತೀವ್ರಿ."

"ಎಲ್ಲರೂ ಹೊರಟ್ರಾ?"

"ಹ್ಞೂಂ ರೀ," ಅಂದ ನಿಂಗರಾಜ. ನನ್ನ ಮುಖ ನೋಡಲಿಲ್ಲ. ಅಜ್ಜಿ ಆಗಲೇ ಆಟೋದಲ್ಲಿ ಕೂತಿರಬೇಕು ಅಂದುಕೊಂಡೆ.

ಜೂನ್ 24, ಸೋಮವಾರ

ಒರಳಿನ ಗುಂಡುಕಲ್ಲು ತೆಗೆದುಕೊಂಡು ಹೋಗಿ ಮೇಲಿನ ಮನೆಯ ಬೀಗ ಜಜ್ಜಿದ್ದಾನೆ. ಬೀಗ ಬಿಟ್ಟಿಲ್ಲ. ಲ್ಯಾಬಿನಿಂದ ಓಡಿ ಬರುವಷ್ಟರಲ್ಲಿ ಮೆಟ್ಟಿಲ ತುಂಬ ಜನ. ಇಬ್ಬರು ಅವನ ಕೈ ಹಿಂದಕ್ಕೆ ತಿರುಚಿ ಹಿಡಿದಿದ್ದರು.

"ಮನೇಲಿ ಯಾರೂ ಇಲ್ಲ ಸೋಮು. ಊರಿಗೆ ಹೋಗಿದಾರೆ. ನಾನೇ ನೋಡಿದೀನಿ."

"ಅಜ್ಜಿ ಇದಾರಕ್ಕ. ನೀರು ಕೇಳ್ತಿದಾರೆ."

ಆಂಬ್ಯುಲೆನ್ಸ್. ಆಸ್ಪತ್ರೆ. ಅಡ್ಮಿಷನ್ ಫಾರಂನಲ್ಲಿ ಸಹಿ ಹಾಕಿದೆ. ಸೇರಿಸಲು ಕಾರಣ ಅಂತ ಇದ್ದ ಕಡೆ ನನ್ನ ಕೈಯಲ್ಲೇ ಬರೆದೆ — ಇಲ್ಲದ ಸದ್ದು ಕೇಳಿಸುತ್ತದೆ.

ಜೂನ್ 25, ಮಂಗಳವಾರ. ಸಂಜೆ 4.15

ಮಧ್ಯಾಹ್ನವೇ ಬಂದೆ. ಸೋಮು ಇಲ್ಲದ ಮನೆ.

ಬಡಿತ ಇದೆ.

ಒಂದು ಸಲ. ಬಹಳ ಹೊತ್ತಾದ ಮೇಲೆ ಇನ್ನೊಂದು. ಮೇಲೆ ಮನೆ ಖಾಲಿ. ಇವತ್ತು ಜ್ವರವೂ ಇಲ್ಲ. ಥರ್ಮಾಮೀಟರ್ ಎರಡು ಸಲ ಇಟ್ಟು ನೋಡಿದೆ.

ನಮ್ಮ ಮನೆತನದಲ್ಲಿ ಈ ಕಾಯಿಲೆ ಮೊದಲು ಸೋದರತ್ತೆಗೆ ಬಂತು. ಆಮೇಲೆ ಸೋಮುಗೆ. ನಲವತ್ತು ದಾಟಿತು, ನನಗಿನ್ನು ಬರುವುದಿಲ್ಲ ಅಂದುಕೊಂಡಿದ್ದೆ.

ಮಿಕ್ಸಿ ಹಾಕಿದೆ. ಖಾಲಿ ಜಾರ್. ನಿಲ್ಲಿಸಿದಾಗ ಮತ್ತೆ ಇತ್ತು. ಸೋಮುವಿನ ಡಬ್ಬಿಯಿಂದ ಒಂದು ಮಾತ್ರೆ ತೆಗೆದು ಅರ್ಧ ಮಾಡಿ ನುಂಗಿದ್ದೇನೆ. ಕೈ ಭಾರ. ಅಕ್ಷರ ಸೊಟ್ಟ ಬರು...

ಜೂನ್ 26, ಬುಧವಾರ

ಇವತ್ತು ಸದ್ದಿಲ್ಲ. ಮಾತ್ರೆ ಕೆಲಸ ಮಾಡಿದೆ.

ಜೂನ್ 27, ಗುರುವಾರ

ಬೆಳಿಗ್ಗೆ ಆರಕ್ಕೆ ಮೇಲಿನಿಂದ ಮಧುಮತಿಯ ಕೂಗು. ಓಡಿದೆ.

ಪಾರವ್ವ ಹಿಂದಿನ ರೂಮಿನಲ್ಲಿ, ಬಚ್ಚಲಿನ ಹೊಸ್ತಿಲಲ್ಲಿ ಬಿದ್ದಿದ್ದರು. ಊಟದ ಡಬ್ಬಿ, ನೀರಿನ ಕೊಡ ಮಂಚದ ಹತ್ತಿರವೇ ಇದ್ದವು. ಬಿದ್ದಲ್ಲಿಂದ ಕೈಗೆ ಎಟುಕುವಂತಿರಲಿಲ್ಲ. ಕೈಯಲ್ಲಿ ಹಿತ್ತಾಳೆ ಲೋಟ. ಬೆರಳು ಬಿಡಿಸಲು ನಿಂಗರಾಜನಿಗೆ ಆಗಲಿಲ್ಲ.

ನಾನು ನನ್ನ ಮನೆಯ ಚಾವಣಿಯ ಮೇಲೆ ನಿಂತಿದ್ದೆ. ನನ್ನ ಹಾಸಿಗೆ ಸರಿಯಾಗಿ ಆ ಹೊಸ್ತಿಲ ಕೆಳಗೆ ಬರುತ್ತದೆ.

ಜುಲೈ 5, ಶುಕ್ರವಾರ

ಸಬ್ ಇನ್ಸ್‌ಪೆಕ್ಟರ್ ರೇವಣಸಿದ್ದಪ್ಪ ಬಂದಿದ್ದರು. ಸಾವು ಮಂಗಳವಾರ ಸಂಜೆಯೋ ಆಮೇಲೆಯೋ ಆಗಿರಬೇಕು ಅಂತ ರಿಪೋರ್ಟ್ ಬಂದಿದೆಯಂತೆ.

"ಏನಾದ್ರೂ ಶಬ್ದ ಕೇಳಿಸ್ತಾ ಮೇಡಂ?"

"ನಾನು ಕೆಲಸಕ್ಕೆ ಹೋಗ್ತೀನಿ ಸಾರ್."

"ನಿಮ್ ಬ್ರದರ್ ಬೀಗ ಒಡೆಯೋಕೆ ಹೋಗಿದ್ರಂತೆ?"

"ಅವನಿಗೆ ಹುಷಾರಿಲ್ಲ ಸಾರ್. ಹದಿನಾಲ್ಕು ವರ್ಷದಿಂದ ಟ್ರೀಟ್‌ಮೆಂಟ್ ಇದೆ."

ಪೆನ್ನಿನ ಮುಚ್ಚಳ ಹಾಕಿದರು. "ಹಂಗಾದ್ರೆ ಅವರ ಸ್ಟೇಟ್‌ಮೆಂಟ್ ನಿಲ್ಲಲ್ಲ ಬಿಡಿ."

ಕಾಫಿ ಕೊಟ್ಟೆ. ಕುಡಿದು ಹೋದರು.

ಜುಲೈ 14, ಭಾನುವಾರ

ಆಸ್ಪತ್ರೆಗೆ ಹೋಗಿದ್ದೆ. ಮರದ ಕೆಳಗಿನ ಬೆಂಚಿನಲ್ಲಿ ಸೋಮು ಕೂತಿದ್ದ. ಮುಖ ಊದಿದೆ. ನಾಲ್ಕು ಕೇಜಿ ಜಾಸ್ತಿಯಾಗಿದ್ದಾನೆ. ಹೇಳಿಬಿಟ್ಟೆ. ಮೇಲೆ ಅಜ್ಜಿ ಇದ್ದದ್ದು ನಿಜ, ನೀನು ಕೇಳಿದ್ದು ನಿಜ ಅಂತ.

ಕೈ ಅಡ್ಡ ಹಿಡಿದ. "ಬೇಡಕ್ಕ."

"ಸೋಮು, ಅವರು ತೀರಿಹೋದ್ರು. ನೀನು ಹೇಳಿದ್ದು ಸರಿ ಇತ್ತು."

"ಅದು ನಿಜ ಅಂದ್ರೆ ಫ್ಯಾನಲ್ಲಿ ಅಪ್ಪ ಮಾತಾಡಿದ್ದೂ ನಿಜ ಆಗುತ್ತೆ. ಆಗ ಎಲ್ಲಾದಕ್ಕೂ ನಿನ್ನ ಮಾತೇ ಹಿಡ್ಕೊಂಡೆ. ಈಗ ಒಂದನ್ನ ಬಿಚ್ಚಿದ್ರೆ ನಾನು ಉಳಿಯಲ್ಲ. ಅಲ್ಲೇನೂ ಇರ್ಲಿಲ್ಲ. ನನಗೆ ಕಾಯಿಲೆ. ಅಷ್ಟೇ."

ಡಾಕ್ಟರ್ ಅಂಜನಾಗೆ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅವರು ಕೇಳಿದ್ದೂ ನಿಜ ಇರಬಹುದು. ಅವರಿಗೆ ಕಾಯಿಲೆ ಇರೋದೂ ನಿಜ. ಎರಡೂ ಒಟ್ಟಿಗೆ ಇರುತ್ತೆ ಸಂಗೀತಾ." ಕನ್ನಡಕ ಮತ್ತೆ ಹಾಕಿಕೊಂಡು ಕೇಳಿದರು. "ನಿಮಗೆ ಕೇಳಿಸಿತ್ತಾ?"

ಇಲ್ಲ ಅಂದೆ. ನಾಲಿಗೆಗೆ ಅಭ್ಯಾಸವಾಗಿದೆ.

ಜುಲೈ 28, ಭಾನುವಾರ. ಬೆಳಿಗ್ಗೆ 11

ಸೋಮು ಮನೆಗೆ ಬಂದು ಆರು ದಿನವಾಯಿತು. ತಾನೇ ಮಾತ್ರೆ ತೆಗೆದುಕೊಳ್ಳುತ್ತಾನೆ. ನನ್ನನ್ನು ಏನೂ ಕೇಳುವುದಿಲ್ಲ.

ನಿಂಗರಾಜ ಬಂದಿದ್ದ. ಮನೆ ಖಾಲಿ ಮಾಡುತ್ತಿದ್ದಾರೆ, ಗೊಟ್ಟಿಗೆರೆಗೆ. ತಲೆ ಬೋಳಿಸಿದ್ದಾನೆ. ಸೋಮುವಿನ ಎದುರು ನೆಲದ ಮೇಲೆ ಕೂತುಬಿಟ್ಟ. ಕುರ್ಚಿ ಬೇಡ ಅಂದ.

"ಅಣ್ಣಾರ, ಒಂದ ಮಾತ ಕೇಳ್ತೀನ್ರಿ. ಅವ್ವನ್ನ ಬಸ್ಸಿನ್ಯಾಗ ಕರಕೊಂಡ ಹೋಗೂದು ಬ್ಯಾಡ ಅಂತ ಬಿಟ್ಟು ಹ್ವಾದ್ವಿ. ಎರಡ ದಿನದ ಮಾತು ಅಂದಕೊಂಡಿದ್ವಿ. ಮಾವಗ ರಕ್ತ ಹೋಗಿ ತಡಾ ಆತು. ನಮ್ಮವ್ವ... ಬಡೀತಿದ್ದಳೇನ್ರಿ? ನೀವು ಕೇಳಿರೇನ್ರಿ?"

ಸೋಮು ನಿಧಾನವಾಗಿ ತಲೆಯಾಡಿಸಿದ. "ಇಲ್ಲ ಸಾರ್. ನನಗೇನೂ ಕೇಳಿಸ್ಲಿಲ್ಲ. ನನಗೆ ಕಾಯಿಲೆ ಇದೆ. ಇಲ್ಲದ್ದೆಲ್ಲ ಕೇಳಿಸುತ್ತೆ."

"ಖರೇನ ಇಲ್ರಿ?"

"ಇಲ್ಲ ಸಾರ್."

ನಿಂಗರಾಜ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. "ಹಂಗಾರ ಅಕೀಗೆ ತ್ರಾಸ ಆಗಿಲ್ಲ. ಮಲಗಿದಲ್ಲೇ ಹೋಗ್ಯಾಳ," ಅಂದ. ಸೋಮುವಿನ ಪಾದ ಮುಟ್ಟಿದ. ಮಲಗಿದಲ್ಲಿ ಅಲ್ಲ ಅಂತ ಅವನೇ ಕಣ್ಣಾರೆ ಕಂಡಿದ್ದಾನೆ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಕೈಯಲ್ಲಿ ಸೌಟು. ಒಂದು ಮಾತು ಸಾಕಿತ್ತು. ಆಡಲಿಲ್ಲ. ಅವನು ಮೆಟ್ಟಿಲು ಹತ್ತಿ ಹೋದ ಸದ್ದು ಕೊನೆಯವರೆಗೂ ಕೇಳಿದೆ.

ಜುಲೈ 31, ಬುಧವಾರ. ಬೆಳಿಗ್ಗೆ 9.40

ಬಿಳಿ ಹಾಳೆಯಲ್ಲಿ ಬರೆದು ಬ್ಯಾಗಿನಲ್ಲಿಟ್ಟಿದ್ದೇನೆ. ಜೂನ್ 19, ಜೂನ್ 25. ಗಂಟೆ ಸಮೇತ. ಕೆಳಗೆ ಸಹಿ. ರೇವಣಸಿದ್ದಪ್ಪನವರ ಕೈಗೇ ಕೊಡಬೇಕು. ನಿಂಗರಾಜನಿಗೆ ಏನಾಗುತ್ತದೋ, ನನಗೆ ಏನಾಗುತ್ತದೋ ಗೊತ್ತಿಲ್ಲ.

ಮೊದಲು ಸೋಮುಗೆ ಹೇಳಬೇಕೆನಿಸಿತು. ತಿಂಡಿ ಆದ ಮೇಲೆ ಹೇಳಿದೆ. ಜ್ವರದ ದಿನ ಸುಳ್ಳು ಹೇಳಿದೆ. ನೀನು ಆಸ್ಪತ್ರೆಯಲ್ಲಿದ್ದಾಗಲೂ ಬಡಿತ ಕೇಳಿಸಿತು. ನಿನ್ನ ಮಾತ್ರೆ ನುಂಗಿ ಮಲಗಿಬಿಟ್ಟೆ. ಎಲ್ಲವನ್ನೂ ಹೇಳಿದೆ.

ಬೈಯುತ್ತಾನೆ ಅಂದುಕೊಂಡಿದ್ದೆ. ಎದ್ದು ಬಂದು ಪಕ್ಕದಲ್ಲಿ ಕೂತ. ನನ್ನ ಕೈ ತನ್ನ ಕೈಯಲ್ಲಿ ತೆಗೆದುಕೊಂಡ.

"ಎಷ್ಟು ದಿನದಿಂದ ಕೇಳಿಸ್ತಿದೆ ಅಕ್ಕ?"

"ಸೋಮು, ಅದು ನಿಜವಾದ ಸದ್ದು."

"ಹೌದು, ಹಾಗೇ ಅನ್ನಿಸುತ್ತೆ. ನನಗೂ ಹಾಗೇ ಅನ್ನಿಸ್ತಿತ್ತು. ಹೆದರಬೇಡ. ಬೇಗ ಹೋದ್ರೆ ಬೇಗ ವಾಸಿಯಾಗುತ್ತೆ." ಅಷ್ಟು ಮೆತ್ತಗೆ ಮಾತಾಡಿದ. ಹದಿನಾಲ್ಕು ವರ್ಷದಲ್ಲಿ ಅವನ ಮುಖದಲ್ಲಿ ಅಂಥ ಕಳೆ ನೋಡಿರಲಿಲ್ಲ. ಯಾರಿಗೋ ಬೇಕಾದವನಾಗಿದ್ದಾನೆ.

ಡಾಕ್ಟರ್ ಅಂಜನಾಗೆ ಅವನೇ ಫೋನ್ ಮಾಡಿದ. ಹತ್ತೂವರೆಗೆ ಬರಲು ಹೇಳಿದ್ದಾರೆ. ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು, ನನ್ನ ಚಪ್ಪಲಿ ತಂದು ಬಾಗಿಲ ಹತ್ತಿರ ಇಟ್ಟಿದ್ದಾನೆ. ಆಟೋ ಗೇಟಿನಲ್ಲಿ ನಿಂತಿದೆ. ನೀರಿನ ಬಾಟಲ್ ಇಟ್ಕೊಂಡ್ಯಾ ಅಂತ ಕೂಗುತ್ತಿದ್ದಾನೆ.

ಪೊಲೀಸ್ ಸ್ಟೇಷನ್ ದಾರಿಯಲ್ಲೇ ಸಿಗುತ್ತದೆ, ಆಸ್ಪತ್ರೆಗಿಂತ ಮೊದಲು. ಅಲ್ಲಿ ಇಳೀತೀನಿ ಅಂದರೆ ಇವನು ಅದನ್ನೂ ಕಾಯಿಲೆ ಅಂತ...